ಸೆರೆಮನೆಯ ಗೋಡೆಗಳು ಮತ್ತು ಸೆರೆಯಾಳುಗಳ ಮಾತು: ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ

‘ಸೆರೆ’ ಎಂಬುದು ಕನ್ನಡದ ಬಹು ಹಳೆಯ ಮಾತು. ಹಳಗನ್ನಡದಲ್ಲಿ ಅದು ಶಕಟರೇಫದ ‘ಸೆಱೆ’. ತಮಿಳಿನ ‘ಚಿಱೈ’ ಅದರ ಸೋದರ ಶಬ್ದ. ಆದರೆ ನೂರಾರು ಜನರನ್ನು ಒಂದೇ ಆವರಣದಲ್ಲಿ ವರ್ಷಗಟ್ಟಲೆ ಕೂಡಿಹಾಕಿ, ಪ್ರತಿಯೊಬ್ಬರನ್ನೂ ಸದಾ ಕಣ್ಗಾವಲಿನಲ್ಲಿಡುವ ‘ಸೆಂಟ್ರಲ್ ಜೈಲು’ ಎಂಬ ವ್ಯವಸ್ಥೆ ಕನ್ನಡ ನಾಡಿಗೆ ಬಂದದ್ದು ವಸಾಹತು ಆಡಳಿತದೊಂದಿಗೆ. ಬೆಂಗಳೂರಿನ ಶೇಷಾದ್ರಿ ರಸ್ತೆಯ ಬದಿಯಲ್ಲಿರುವ, ಇಂದು ‘ಫ್ರೀಡಂ ಪಾರ್ಕ್’ ಎಂದು ಎಲ್ಲರೂ ಕರೆಯುವ ಸ್ಥಳ ಅಂಥದೊಂದು ಜೈಲಾಗಿತ್ತು. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿದ್ದಾಗ, 1860ರ ದಶಕದಲ್ಲಿ ಅದು ನಿರ್ಮಾಣವಾಯಿತು.

ಅದರ ವಿನ್ಯಾಸವೇ ಅದರ ಉದ್ದೇಶವನ್ನು ಹೇಳುತ್ತದೆ. ನಡುವೆ ಕಾವಲು ಗೋಪುರ, ಅದರ ಸುತ್ತ ಬಂದಿಗಳ ಬ್ಯಾರಕ್ಕುಗಳು. ಗೋಪುರದಲ್ಲಿ ನಿಂತವನಿಗೆ ಎಲ್ಲರೂ ಕಾಣಬೇಕು. ತನ್ನನ್ನು ಯಾರೋ ನೋಡುತ್ತಿರಬಹುದೆಂಬ ಅಳುಕು ಬಂದಿಯನ್ನು ಬಿಡಬಾರದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ಮಂಡಿಸಿದ ‘ಪ್ಯಾನಾಪ್ಟಿಕಾನ್’ ಕಲ್ಪನೆಯ ನೆರಳು ಇಲ್ಲಿ ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದ ಕೊನೆಗೆ ಬಂದಿಗಳು ಪರಪ್ಪನ ಅಗ್ರಹಾರದ ಹೊಸ ಕಾರಾಗೃಹಕ್ಕೆ ಸ್ಥಳಾಂತರಗೊಂಡರು. ನಗರದ ನಡುಮಧ್ಯದ ಬೆಲೆಬಾಳುವ ಈ ಭೂಮಿ ವಾಣಿಜ್ಯ ಸಂಕೀರ್ಣವಾಗದೆ 2008ರ ನವೆಂಬರಿನಲ್ಲಿ ಸಾರ್ವಜನಿಕ ಉದ್ಯಾನವಾಗಿ ತೆರೆದುಕೊಂಡಿತು. ಕಾವಲು ಗೋಪುರವೂ ಕೆಲವು ಬ್ಯಾರಕ್ಕುಗಳೂ ಹಳೆಯ ಗೋಡೆಗಳೂ ಉಳಿದವು. ಆವರಣದ ಒಂದು ಭಾಗ ಸಭೆ, ಧರಣಿಗಳಿಗೆ ಮೀಸಲಾಯಿತು.

ಗೋಡೆಗಳನ್ನು ಉಳಿಸಿಕೊಂಡ ಮಾತ್ರಕ್ಕೆ ಸೆರೆಮನೆಯ ಚರಿತ್ರೆ ಉಳಿದಂತಾಗುತ್ತದೆಯೇ? ಈ ಪ್ರಶ್ನೆಗೆ ಅಂಡಮಾನಿನ ಸೆಲ್ಯುಲರ್ ಜೈಲಿನ ಕತೆ ನೆರವಾಗುತ್ತದೆ. 1896ರಿಂದ 1906ರವರೆಗೆ ನಿರ್ಮಾಣಗೊಂಡ ಆ ಜೈಲಿಗೆ ಏಳು ಪಾರ್ಶ್ವಗಳೂ ಸುಮಾರು ಏಳುನೂರು ಒಂಟಿ ಕೋಣೆಗಳೂ ಇದ್ದವು. ಇಂದು ಉಳಿದಿರುವುದು ಮೂರು ಪಾರ್ಶ್ವಗಳು ಮಾತ್ರ. ಸ್ವಾತಂತ್ರ್ಯಾನಂತರವೂ ಕೆಡಹುವ ಕೆಲಸ ಮುಂದುವರಿದಾಗ ಅದನ್ನು ವಿರೋಧಿಸಿದವರು ಒಂದು ಕಾಲದಲ್ಲಿ ಅಲ್ಲಿಯೇ ಬಂದಿಗಳಾಗಿದ್ದ ಕ್ರಾಂತಿಕಾರಿಗಳು. ಅವರ ಒತ್ತಾಯದ ಫಲವಾಗಿ ಉಳಿದ ಕಟ್ಟಡ 1979ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ನೆನಪಿಟ್ಟುಕೊಂಡವರ ಮಾತು ಇದ್ದುದರಿಂದಲೇ ಅಲ್ಲಿ ಕಲ್ಲು ಉಳಿಯಿತು.

ಬೆಂಗಳೂರಿನ ಜೈಲಿಗೂ ಅಂಥ ಮಾತುಗಳ ಸಂಪತ್ತಿದೆ. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಬಂಧಿಸಿ ಇಲ್ಲಿಗೆ ತರಲಾಯಿತು. ಅಡ್ವಾಣಿಯವರ ಸೆರೆವಾಸದ ದಿನಚರಿ 1978ರಲ್ಲಿ ಪುಸ್ತಕವಾಗಿ ಬಂದಿತು. ನಾಯಕರ ಮಾತು ಹೀಗೆ ಅಚ್ಚಿನಲ್ಲಿ ನಿಂತಿತು; ರಾಜಕೀಯ ಚರಿತ್ರೆ ಅದನ್ನು ಮರೆಯಲಾರದು.

ಇದೇ ಜೈಲಿನ ಮಹಿಳಾ ವಿಭಾಗದಿಂದ ಬಂದ ಮತ್ತೊಂದು ದಿನಚರಿಯ ಸ್ಥಾನ ಬೇರೆ. ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿಯವರು 1976ರ ಮೇ ತಿಂಗಳಲ್ಲಿ ಬಂಧಿತರಾದರು. ತೀವ್ರ ಅಸ್ತಮಾದಿಂದ ಬಳಲುತ್ತಿದ್ದ ಅವರನ್ನು ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಡಲಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರು ಬರೆದಿಟ್ಟ ಟಿಪ್ಪಣಿಗಳು ಮರಣಾನಂತರ ಪ್ರಕಟವಾದವು. ತಮ್ಮ ನೋವಿನ ಜೊತೆಗೆ, ಅಲ್ಲಿದ್ದ ಸಾಮಾನ್ಯ ಸ್ತ್ರೀ ಬಂದಿಗಳ ದುಃಸ್ಥಿತಿಯನ್ನೂ ಅವರು ಕಂಡರು. ಅವರ ಪರವಾಗಿ ಅಧಿಕಾರಿಗಳೊಡನೆ ಹೋರಾಡಿದರು. ಸ್ವಂತ ದಿನಚರಿ ಬರೆಯಲಾರದ, ಯಾವ ಚರಿತ್ರೆಯ ಪುಟದಲ್ಲೂ ಹೆಸರಿಲ್ಲದ ಆ ಹೆಣ್ಣುಮಕ್ಕಳ ಬದುಕಿಗೆ ಆ ಬರಹ ಒಂದು ಕಿಟಕಿ.

ಈ ಸ್ಥಳದ ಎರಡು ಕಾಲಗಳನ್ನು ಬೆಸೆಯುವ ಜೀವನ ಎಚ್.ಎಸ್. ದೊರೆಸ್ವಾಮಿಯವರದು. 1942ರ ಚಳವಳಿಯಲ್ಲಿ ಬಂಧಿತರಾಗಿ ಅವರು ಬೆಂಗಳೂರಿನ ಈ ಜೈಲಿನಲ್ಲಿ ಹದಿನಾಲ್ಕು ತಿಂಗಳು ಕಳೆದರು. ಇಂದಿರಾ ಗಾಂಧಿಯವರಿಗೆ ಪ್ರತಿಭಟನೆಯ ಪತ್ರ ಬರೆದು ತುರ್ತುಪರಿಸ್ಥಿತಿಯಲ್ಲಿ ಮತ್ತೆ ಸೆರೆವಾಸ ಅನುಭವಿಸಿದರು. ಜೈಲು ಉದ್ಯಾನವಾದ ಮೇಲೆ, ಇಳಿವಯಸ್ಸಿನಲ್ಲಿ ಅದೇ ನೆಲದ ಧರಣಿಗಳಲ್ಲಿ ಬಂದು ಕುಳಿತರು. ತಾವು ಬಂದಿಯಾಗಿದ್ದ ಆವರಣದಲ್ಲಿ ಸ್ವತಂತ್ರ ಪ್ರಜೆಯಾಗಿ ಪ್ರಶ್ನೆ ಕೇಳಿದ ಆ ಹಿರಿಯರು 2021ರ ಮೇ ತಿಂಗಳಲ್ಲಿ, 103ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ಬೆಂಗಳೂರಿನ ಪ್ರತಿಭಟನೆಗಳನ್ನು ಈ ಉದ್ಯಾನಕ್ಕೆ ಸೀಮಿತಗೊಳಿಸುವ ಆದೇಶವೂ ಹೊರಬಿದ್ದಿತು. ಸಂಚಾರದ ಅಡಚಣೆ ತಪ್ಪಬೇಕೆಂಬ ಕಾರಣ ಸಣ್ಣದಲ್ಲ. ಆದರೂ ಮಾತಿಗಾಗಿ ಜನರನ್ನು ಕೂಡಿಹಾಕಿದ್ದ ಜಾಗದ ಒಳಗೇ ಈಗ ಮಾತನ್ನು ಕೂಡಿಸಲಾಗಿದೆ ಎಂಬ ವಿಪರ್ಯಾಸವನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸದಿರಲಾರ.

ಹೀಗಾಗಿ ಈ ಕಾರಾಗೃಹದ ಸಂರಕ್ಷಣೆ ಗಾರೆ, ಕಲ್ಲುಗಳ ದುರಸ್ತಿಯಷ್ಟಕ್ಕೆ ಮುಗಿಯಬಾರದು. ಸೆರೆವಾಸದ ದಿನಚರಿ, ಪತ್ರ, ಆತ್ಮಕಥೆಗಳ ಒಂದು ಗ್ರಂಥಾಲಯ ಬ್ಯಾರಕ್ಕೊಂದರಲ್ಲಿ ನೆಲೆಗೊಳ್ಳಬೇಕು. ಜೈಲಿನ ಹಳೆಯ ದಾಖಲೆಗಳು ಸಂಶೋಧಕರ ಕೈಗೆಟುಕಬೇಕು. ತುರ್ತುಪರಿಸ್ಥಿತಿಯಲ್ಲಿ ಸೆರೆಯಾಗಿದ್ದವರಲ್ಲಿ ಬದುಕಿರುವವರ ನೆನಪುಗಳನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು. ಅಂದು ಇಪ್ಪತ್ತರ ಹರೆಯದಲ್ಲಿದ್ದವರೂ ಇಂದು ಎಪ್ಪತ್ತು ದಾಟಿದ್ದಾರೆ. ಖ್ಯಾತನಾಮರೊಂದಿಗೆ ಸಾಮಾನ್ಯ ಕೈದಿಗಳು, ಕಾವಲುಗಾರರು, ಭೇಟಿಗೆಂದು ಬಾಗಿಲಲ್ಲಿ ಕಾದ ಮನೆಯವರು ಆ ಸಂಗ್ರಹದಲ್ಲಿ ಸೇರಬೇಕು. ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ತಂಡತಂಡವಾಗಿ ಕೈಗೊಳ್ಳಬಹುದಾದ ಕೆಲಸವಿದು. ಬೆಳಗಿನ ನಡಿಗೆಗೆ ಬರುವವರು ಆ ಗೋಪುರವನ್ನು ದಿನವೂ ದಾಟಿ ಹೋಗುತ್ತಾರೆ. ಅಲ್ಲಿಂದ ಯಾರನ್ನು ನೋಡಲಾಗುತ್ತಿತ್ತು ಎಂಬುದನ್ನು ಅವರಿಗೆ ತಿಳಿಸುವ ಹೊಣೆ ಓದುಬರಹ ಬಲ್ಲವರದು.