ಬಿಟ್ಟ ಉಸಿರಿನ ದಾರಿ: ಎರಡು ಕೊಳವೆಯ ರೆಗ್ಯುಲೇಟರಿನ ಚರಿತ್ರೆ

ಕಾಸರಗೋಡಿನ ಕಡಲ ಬದಿಯಲ್ಲಿ, ಉಸಿರು ಕಟ್ಟಿ ಮುಳುಗಿ ಬಂಡೆಯಿಂದ ಪಚ್ಚಿಲೆ ಕೀಳುವವರನ್ನು ನೋಡುತ್ತಾ ಬೆಳೆದವನು ನಾನು. ನೀರಡಿಯಲ್ಲಿ ಉಸಿರಾಡಿಸುವ ಯಂತ್ರದ ಮೇಲೆ ಕುತೂಹಲ ಹುಟ್ಟಿದ್ದು ಅಲ್ಲಿಂದಲೇ. ಆದರೆ ಈ ಪ್ರಬಂಧ ಶುರುವಾದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಗಲ್ಫಿನಲ್ಲಿದ್ದ ಸೋದರಮಾವ ತಂದಿಟ್ಟ ಹಳೆಯ ರೆಗ್ಯುಲೇಟರೊಂದನ್ನು ಬಿಚ್ಚಿ ನೋಡಿದೆ. ಬೆನ್ನಿನ ಸಿಲಿಂಡರಿಗೆ ಕೂರುವ ದುಂಡನೆಯ ಡಬ್ಬಿ. ಅಲ್ಲಿಂದ ಬಾಯಿಗೆ ಗಾಳಿ ತರುವ ಒಂದು ಕೊಳವೆ, ಬಿಟ್ಟ ಉಸಿರನ್ನು ಮತ್ತೆ ಡಬ್ಬಿಗೇ ಒಯ್ಯುವ ಇನ್ನೊಂದು. ಬೇಡದ ಗಾಳಿ ಅಷ್ಟು ದೂರ ಹೋಗೋದು ಯಾಕೆ? ಬಾಯಿಯ ಹತ್ತಿರವೇ ಬಿಟ್ಟರೆ ಒಂದು ಕೊಳವೆ ಉಳಿಯುತ್ತದಲ್ಲ! ಮೊದಲ ಕರಡಿನಲ್ಲಿ ಇದನ್ನು ‘ಅನಗತ್ಯ ರೂಢಿ’ ಅಂತ ಬರೆದಿದ್ದೆ.

ಬೇಕಾದಷ್ಟೇ ಗಾಳಿ ಕೊಡುವ ಕಲ್ಪನೆ ಹೊಸದಲ್ಲ. 1860ರ ದಶಕದಲ್ಲೇ ಫ್ರಾನ್ಸಿನ ಗಣಿ ಇಂಜಿನಿಯರ್ ರುಕೆರೋಲ್ ಮತ್ತು ನೌಕಾಪಡೆಯ ದೆನೆರೂಜ್ ಅಂಥ ಯಂತ್ರ ಮಾಡಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲ್ ಸಿಗದೆ, ಏರ್ ಲಿಕ್ವಿಡ್ ಕಂಪನಿಯ ಎಮಿಲ್ ಗಾನ್ಯಾನ್ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುವ ವಾಲ್ವ್ ಮಾಡಿದ್ದರು. ಅದನ್ನೇ ಅವರೂ ಜಾಕ್ ಕೂಸ್ತೊ ಅವರೂ ಮುಳುಗುವವರಿಗೆ ಹೊಂದಿಸಿದರು. 1943ರಲ್ಲಿ ಮಾರ್ನ್ ನದಿಯಲ್ಲಿ ಕೂಸ್ತೊ ಪರೀಕ್ಷೆಗೆ ಇಳಿದಾಗ, ಅಡ್ಡ ಮಲಗಿ ಈಜಿದರೆ ಸರಿಯಿತ್ತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿಹೋಗುತ್ತಿತ್ತು. ತಲೆಕೆಳಗಾದರೆ ಉಸಿರಾಡುವುದೇ ಕಷ್ಟ.

ಕಾರಣ ಇಷ್ಟೇ. ಡಬ್ಬಿಯೊಳಗಿನ ರಬ್ಬರ್ ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ, ಲಿವರನ್ನು ಒತ್ತಿ ವಾಲ್ವ್ ತೆರೆಯುತ್ತದೆ. ಹಾಗಾಗಿ ಗಾಳಿ ಬರುವುದು ಪೊರೆ ಇರುವ ಆಳದ ನೀರಿನ ಒತ್ತಡದಲ್ಲಿ. ಹೊರದಾರಿ ಪೊರೆಗಿಂತ ಒಂದು ಗೇಣು ಮೇಲಿದ್ದರೂ ಅಲ್ಲಿ ಒತ್ತಡ ಕಡಿಮೆ, ಗಾಳಿ ತಾನಾಗಿ ಓಡುತ್ತದೆ. ಕೆಳಗಿದ್ದರೆ ಎದೆಯ ಬಲದಿಂದ ನೂಕಬೇಕು. ಪರಿಹಾರವಾಗಿ ಹೊರದಾರಿಯನ್ನು ಪೊರೆಯ ಪಕ್ಕಕ್ಕೇ ತಂದರು. ನಾನು ಅನಗತ್ಯ ಅಂದ ಎರಡನೇ ಕೊಳವೆಯ ಕೆಲಸ ಇದೇ!

1952ರಲ್ಲಿ ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್ ‘ಪಾರ್ಪಾಯ್ಸ್’ನಲ್ಲಿ ಒಂದೇ ಕೊಳವೆ ಸಾಕೆಂದು ತೋರಿಸಿದರು. ಗಮನಿಸಿ, ಅವರು ನಿಯಮ ಮುರಿಯಲಿಲ್ಲ. ಪೊರೆಯನ್ನೇ ಬಾಯಿಯ ಹತ್ತಿರ ತಂದರು, ಹೊರದಾರಿಯೂ ಜೊತೆಗೆ ಬಂತು.

ಇನ್ನು ರಿಪೇರಿ. ಲೋಹದ ಕಿಲುಬನ್ನು ನೀರು ಬೆರೆಸಿದ ವಿನೆಗರಿನಲ್ಲಿ ಬಿಡಿಸಬಹುದು. ತೊಂದರೆ ರಬ್ಬರಿನದು. ಪೊರೆಯನ್ನು ಬೆಳಕಿಗೆ ಹಿಡಿದು ಸೂಜಿತೂತು ಹುಡುಕಬೇಕು. ಬಿಟ್ಟ ಉಸಿರಿನ ವಾಲ್ವ್ ಬಾತುಕೋಳಿ ಕೊಕ್ಕಿನಂತೆ ಎರಡು ತೆಳು ತುಟಿಗಳದ್ದು. ನನ್ನ ಕೈಗೆ ಸಿಕ್ಕಾಗ ಅವು ಬಿರುಸಾಗಿ ಬಾಯಿ ಬಿಟ್ಟಿದ್ದವು. ಹಾಗಿದ್ದರೆ ನೀರು ಒಳಗೆ ನುಗ್ಗುತ್ತದೆ. ಹವ್ಯಾಸಿಗಳಿಗಾಗಿ ಈಗ ಸಿಲಿಕೋನಿನಲ್ಲಿ ಹೊಸ ಭಾಗಗಳು ತಯಾರಾಗುತ್ತವೆ. ಆದರೂ ಮಾವ ಅಂದದ್ದು, “ಮೇಜಿನ ಮೇಲೆ ಎಷ್ಟು ಬೇಕಾದರೂ ಬಿಚ್ಚು ಮಾರಾಯ, ಪರೀಕ್ಷೆ ಮಾಡಿಸದೆ ನೀರಿಗೆ ಮಾತ್ರ ಇಳಿಯಬೇಡ.”

ಆ ಕೊಕ್ಕು ಪೊರೆಯ ಪಕ್ಕದಲ್ಲೇ ಕೂತದ್ದನ್ನು ಕೈಯಾರೆ ಬಿಚ್ಚಿದ ಮೇಲೆಯೇ ಮಾರ್ನ್ ನದಿಯ ಕತೆ ನನಗೆ ಅರ್ಥವಾದದ್ದು. ಕರಡಿನ ಆ ವಾಕ್ಯ ಹೊಡೆದುಹಾಕಿದ್ದೇನೆ. ಪ್ರಶ್ನೆಗಳಿದ್ದರೆ ಕೇಳಿ.