ಹೊಂಡಕ್ಕ ಹೆಪ್ಪು

ಹೋದ ವಾರ ಅರಿಶಿಣ-ಕುಂಕುಮಕ್ಕ ಬಂದವರೆಲ್ಲಾ ನಮ್ಮ ಹಿತ್ತಲದಾಗಿನ ಹೊಂಡ ನೋಡಿ, "ಏನ್ರೀ ವೈನಿ, ಎರಡು ಮೀನಿಗೆ ಇಷ್ಟು ದೊಡ್ಡ ಮೂರು ಬ್ಯಾರಲ್ ಯಾಕ?" ಅಂತ ಕೇಳಿದ್ರಿ. ಅವತ್ತ ಚಹಾ ಸೋಸೋ ಗಡಿಬಿಡಿಯೊಳಗ ಹೇಳಲಿಕ್ಕೆ ಆಗಲಿಲ್ಲ. ಇವತ್ತ ಬರೀತೀನಿ. ಸ್ವಲ್ಪ ಉದ್ದ ಆಗ್ತದ, ಯಾಕಂದ್ರ ಈ ಬ್ಯಾರಲ್ ಕಥಿ ನಮ್ಮ ಹಿತ್ತಲದಾಗ ಸುರು ಆದದ್ದಲ್ಲ.

ನಮ್ಮ ಮನಿಯವರು ರಿಟೈರ್ ಆದ ಮ್ಯಾಲೆ ಮುಂಜಾನೆಯಿಂದ ಸಂಜಿತನಕಾ ಒಳಗ-ಹೊರಗ ತಿರಗೋದು ನೋಡಿ, ಮಗಾ "ಕೋಯಿ ಮೀನು ಸಾಕ್ರಿ" ಅಂದ. ಹತ್ತು ಫೂಟು ಉದ್ದ, ಆರು ಫೂಟು ಅಗಲ, ಮೂರೂವರೆ ಫೂಟು ಆಳದ ಸಿಮೆಂಟಿನ ಹೊಂಡ ಕಟ್ಟಿಸಿದ್ರು. ಸುಮಾರು 6,000 ಲೀಟರ್ ನೀರು. ಐದು ಮೀನು ಬಂದ್ವು. ಅಂಗಡಿಯವರು ಒಂದು ಸಣ್ಣ ಡಬ್ಬಿಯಂಥಾ ಫಿಲ್ಟರ್ ಕೊಟ್ಟು, "ವಾರಕ್ಕೊಮ್ಮೆ ನಳದ ಕೆಳಗ ಹಿಡಿದು ಸ್ವಚ್ಛ ತೊಳೀರಿ" ಅಂದಿದ್ರು. ನಾನೂ ಪಾತ್ರಿ ತಿಕ್ಕಿದಂಗ ತಿಕ್ಕಿ ತೊಳದೆ. ನೀರು ಕನ್ನಡಿ ಹಂಗ ಇತ್ತು. ಆದ್ರ ಮೂರು ವಾರದಾಗ ಮೂರು ಮೀನು ಸತ್ವು. ಮೂರನೇದು ಸತ್ತ ದಿವಸ ಇವರು ಹೊಂಡದ ದಂಡಿಗಿದ್ದ ಕುರ್ಚಿ ಒಳಗ ತಂದಿಟ್ಟು, "ಮಣ್ಣು ತುಂಬಿಸಿಬಿಡೋಣ" ಅಂದ್ರು. ಮೀನು ಸತ್ತದ್ದಕ್ಕಿಂತ ಆ ಮಾತ ನನ್ನ ಮನಸ್ಸಿಗೆ ಹೆಚ್ಚು ಹತ್ತಿತು.

ನೀರು ಅಷ್ಟು ತಿಳಿ ಇದ್ದೂ ಮೀನು ಯಾಕ ಸತ್ವು? ಸೊಸಿ ಕಳಿಸಿದ್ದು, ಲೈಬ್ರರಿಯಿಂದ ತಂದದ್ದು, ಎಲ್ಲಾ ಓದಿಕೋತ ಕೂತೆ. ಪಿಯುಸಿಯೊಳಗ ಕಲಿತದ್ದು ಮರತು ಎಷ್ಟೋ ವರ್ಷ ಆಗಿದ್ರೂ ಓದ್ತಾ ಓದ್ತಾ ತಿಳೀಲಿಕ್ಕೆ ಹತ್ತಿತು.

ಈ ಬಣ್ಣದ ಮೀನಿನ ತವರುಮನಿ ಜಪಾನಿನ ನೀಗಾತಾ ಸೀಮಿ. ಯಮಾಕೋಶಿ ಅಂತ ಗುಡ್ಡದ ಮ್ಯಾಲಿನ ಊರು, ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದಿ. ಚಳಿಗಾಲದಾಗ ಆಳೆತ್ತರ ಹಿಮ ಬಿದ್ದು ದಾರಿ ಬಂದ್ ಆಗ್ತಿತ್ತು. ಅದಕ್ಕ ಅಲ್ಲಿ ರೈತರು ಗದ್ದಿಗೆ ನೀರು ಕೊಡೋ ಹೊಂಡದಾಗ ತಿನ್ನಲಿಕ್ಕೆ ಅಂತ ಕಾರ್ಪ್ ಮೀನು ಸಾಕ್ತಿದ್ರು. ಸುಮಾರು 200 ವರ್ಷದ ಹಿಂದ ಆ ಕಪ್ಪು ಮೀನಿನಾಗ ಅಲ್ಲೊಂದು ಇಲ್ಲೊಂದು ಕೆಂಪು, ಬಿಳಿ ಬಣ್ಣದ ಮರಿ ಕಂಡ್ವು. ಅವನ್ನ ಕೊಲ್ಲದ ಬ್ಯಾರೆ ಇಟ್ಟು ಬೆಳಿಸಿದ್ರು. 1914ರಾಗ ಟೋಕಿಯೋದ ದೊಡ್ಡ ಪ್ರದರ್ಶನಕ್ಕ ಒಯ್ದ ಮ್ಯಾಲೆ ಜಪಾನಿನ ತುಂಬ ಹೆಸರಾತು.

ಆ ರೈತರ ಹತ್ರ ಯಾವ ಫಿಲ್ಟರೂ ಇರಲಿಲ್ಲ. ಮಣ್ಣಿನ ಹೊಂಡ, ನೀರು ಹೇರಳ, ಮೀನು ಕಡಿಮಿ. ಮೀನಿನ ಹೊಲಸೆಲ್ಲಾ ಆ ಕೆಸರ ನುಂಗತಿತ್ತು. ನಾವು ಮೀನು ತಂದ್ವಿ, ಸಿಮೆಂಟ್ ಕಟ್ಟಿದ್ವಿ, ಕೆಸರು ಮಾತ್ರ ಅಲ್ಲೇ ಬಿಟ್ಟು ಬಂದ್ವಿ. ಫಿಲ್ಟರ್ ಅಂದ್ರ ಬಿಟ್ಟು ಬಂದ ಆ ಕೆಸರಿನ ಕೆಲಸ ಮಾಡೋದು. ನಾನು ಅದನ್ನ ಚಹಾ ಸೋಸೋ ಜರಡಿ ಅಂತ ತಿಳಿದಿದ್ದೆ.

ನಾನೊಬ್ಬಾಕಿನ ಹಿಂಗ ತಿಳಿದಿರಲಿಲ್ಲ, ದೊಡ್ಡ ದೊಡ್ಡ ಎಂಜಿನಿಯರೂ ಹಂಗ ತಿಳಿದಿದ್ರು. 1804ರಾಗ ಸ್ಕಾಟ್‌ಲೆಂಡಿನ ಪೈಸ್ಲಿ ಊರಾಗ ಜಾನ್ ಗಿಬ್ ಅನ್ನಾಂವ ತನ್ನ ಅರಿವಿ ಬಿಳುಪು ಮಾಡೋ ಕಾರಖಾನಿಗೆ ಶುದ್ಧ ನೀರು ಬೇಕಂತ ಕಲ್ಲು, ಉಸುಕು ಹಾಕಿ ಸೋಸೋ ವ್ಯವಸ್ಥಾ ಮಾಡಿದ. ಉಳಿದ ನೀರನ್ನ ಊರ ಮಂದಿಗೆ ಮಾರಿದ. 1829ರಾಗ ಜೇಮ್ಸ್ ಸಿಂಪ್ಸನ್ ಅನ್ನೋ ಎಂಜಿನಿಯರ್ ಲಂಡನ್ನಿನ ಚೆಲ್ಸಿ ನೀರಿನ ಕಂಪನಿಗೆ ದೊಡ್ಡ ಉಸುಕಿನ ಫಿಲ್ಟರ್ ಕಟ್ಟಿಸಿದ. ಉಸುಕು ಹೊಲಸನ್ನ ತಡೀತದ, ಅಷ್ಟ ಅಂತ ಅವಾಗಿನವರ ಲೆಕ್ಕ.

1892ರಾಗ ಜರ್ಮನಿಯ ಹ್ಯಾಂಬರ್ಗ್ ಊರಿಗೆ ಕಾಲರಾ ಬಂತು. 8,000ಕ್ಕೂ ಹೆಚ್ಚು ಮಂದಿ ಸತ್ರು. ಹ್ಯಾಂಬರ್ಗಿನವರು ಎಲ್ಬ್ ಹೊಳಿ ನೀರನ್ನ ಉಸುಕಿನಾಗ ಸೋಸದನ ಕುಡೀತಿದ್ರು. ಅದಕ್ಕ ಹತ್ತಿಕೊಂಡು ಆಲ್ಟೋನಾ ಅಂತ ಊರು. ಅವರೂ ಅದ ಹೊಳಿ ನೀರ ಕುಡೀತಿದ್ರು, ಅದೂ ಹ್ಯಾಂಬರ್ಗಿನ ಗಟಾರ ಸೇರಿದ ಮ್ಯಾಲಿನ ನೀರು! ಆದ್ರ ಅವರಲ್ಲೆ ಉಸುಕಿನ ಫಿಲ್ಟರ್ ಇತ್ತು, ಆ ಊರು ಬಹಳಮಟ್ಟಿಗೆ ಪಾರಾತು. ಉಸುಕಿನ ಮ್ಯಾಲೆ ಬೆಳೆಯೋ ಲೋಳಿಯಂಥಾ ಪದರ ಅದಲ್ಲ, ನಾವು ಹೊಲಸು ಅಂತ ತಿಕ್ಕಿ ತಗೀತೀವಲ್ಲ, ರೋಗದ ಕ್ರಿಮಿ ತಡಿಯೋದ್ರಾಗ ಅದರದ್ದ ದೊಡ್ಡ ಪಾಲು. ಅದು ಜೀವ ಇದ್ದ ಪದರ.

ಮೀನಿನ ಗುಟ್ಟು ಅದಕ್ಕೂ 15 ವರ್ಷ ಮೊದಲ, 1877ರಾಗ ಹೊರಗ ಬಿದ್ದಿತ್ತು. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಅನ್ನೋ ಇಬ್ಬರು ಒಂದು ಕೊಳವಿಯೊಳಗ ಉಸುಕು, ಸುಣ್ಣದ ಕಲ್ಲು ತುಂಬಿ, ಮ್ಯಾಲಿಂದ ಗಟಾರದ ನೀರು ಹನಿ ಹನಿ ಬಿಟ್ರು. ಮೊದಲ 20 ದಿವಸ ನೀರಿನಾಗಿನ ಅಮೋನಿಯಾ ಹಂಗ ಹೊರಗ ಬಂತು. ಆಮ್ಯಾಲೆ ಅಮೋನಿಯಾ ಹೋಗಿ ನೈಟ್ರೇಟ್ ಬರಲಿಕ್ಕೆ ಹತ್ತಿತು. ಕ್ಲೋರೋಫಾರ್ಮಿನ ಆವಿ ಬಿಟ್ರು, ಕೆಲಸ ನಿಂತು ಹೋತು. ಕ್ಲೋರೋಫಾರ್ಮ್ ತಗದು, ಸ್ವಲ್ಪ ಹೊಲದ ಮಣ್ಣು ಕಲಿಸಿದ ನೀರು ಹಾಕಿದ್ರು, ಮತ್ತ ಸುರು ಆತು. ಅಂದ್ರ ಕೆಲಸ ಮಾಡೋದು ಉಸುಕಲ್ಲ, ಉಸುಕಿನಾಗ ಮನಿ ಮಾಡಿಕೊಂಡ ಸೂಕ್ಷ್ಮ ಜೀವಿ. 1890ರ ಸುಮಾರಿಗೆ ವಿನೋಗ್ರಾಡ್ಸ್ಕಿ ಅನ್ನೋ ರಷ್ಯಾದ ವಿಜ್ಞಾನಿ ಅವನ್ನ ಬ್ಯಾರೆ ಮಾಡಿ ತೋರಿಸಿದ.

ಇದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನ ಕೂತೆ. ಅಲ್ರೀ, ಇದು ಹಾಲಿಗೆ ಹೆಪ್ಪು ಹಾಕೋದಲ್ಲೇನು? ಮೀನು ಕಿವಿರಿನಿಂದ ಅಮೋನಿಯಾ ಬಿಡ್ತಾವ. ಅದು ಕಣ್ಣಿಗೆ ಕಾಣೂದಿಲ್ಲ, ಕನ್ನಡಿಯಂಥಾ ನೀರಿನಾಗೂ ವಿಷ. ಒಂದು ಜಾತಿಯ ಜೀವಿ ಅದನ್ನ ನೈಟ್ರೈಟ್ ಮಾಡ್ತದ, ಅದೂ ವಿಷನ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತದ, ಅದರಿಂದ ಅಷ್ಟು ತ್ರಾಸಿಲ್ಲ. ಈ ಜೀವಿಗಳು ಕೂಡಲಿಕ್ಕೆ ವಾರಗಟ್ಟಲೆ ಬೇಕು. ನಾನು ವಾರಕ್ಕೊಮ್ಮೆ ಕ್ಲೋರಿನ್ ಇದ್ದ ನಳದ ನೀರಾಗ ತೊಳದು, ಕೂಡಿದ್ದನ್ನೂ ಕೊಲ್ಲತಿದ್ದೆ. ಮೀನು ಸತ್ತದ್ದು ನನ್ನ ಸ್ವಚ್ಛತಾದಿಂದ!

ಹೊಸಾ ಫಿಲ್ಟರ್ ಆರಿಸೋವಾಗ ಒಂದ ಪ್ರಶ್ನೆ ಕೇಳಿದೆ: ಈ ಜೀವಿಗಳಿಗೆ ಇದರಾಗ ಎಷ್ಟು ಜಾಗಾ ಅದ, ಎಷ್ಟು ಗಾಳಿ ಅದ? ಈಜುಕೊಳದ ಉಸುಕಿನ ಫಿಲ್ಟರ್ ತೋರಿಸಿದ್ರು. ಮೀನಿನ ಹೊಲಸಿಗೆ ಅದು ಬೇಗ ಕಟ್ಟಿಕೋತದ, ಒಳಗ ಗಾಳಿ ಕಡಿಮಿ, ಬ್ಯಾಡಂದೆ. ಯುವಿ ದೀಪದ್ದು ತೋರಿಸಿದ್ರು. ಅದು ತೇಲೋ ಹಸಿರು ಪಾಚಿ ಸಾಯಿಸಿ ನೀರು ತಿಳಿ ಮಾಡ್ತದ, ಅಮೋನಿಯಾ ತಗಿಯೂದಿಲ್ಲ. ಕಡೀಕ 200 ಲೀಟರಿನ ಮೂರು ಬ್ಯಾರಲ್ ಜೋಡಿಸಿದ್ವಿ. ಮೊದಲನೇದ್ರಾಗ ಗಸಿ ಕೆಳಗ ಕೂಡ್ತದ. ಎರಡನೇದ್ರಾಗ ಬ್ರಶ್ ಅವ, ಉಳಿದದ್ದನ್ನ ಹಿಡೀತಾವ. ಮೂರನೇದ್ರಾಗ ಸಣ್ಣ ಸಣ್ಣ ಪ್ಲಾಸ್ಟಿಕ್ ಗಾಲಿ, ಕೆಳಗಿಂದ ಗಾಳಿಗುಳ್ಳಿ. ಅದ ಜೀವಿಗಳ ಮನಿ. ಪಂಪು ತಾಸಿಗೆ 3,000 ಲೀಟರ್ ಎತ್ತತದ, ಎರಡು ತಾಸಿಗೊಮ್ಮೆ ಹೊಂಡದಷ್ಟು ನೀರು ತಿರಗತದ. ಮೀನು ಹೆಚ್ಚಿದ್ರ ತಾಸಿಗೊಮ್ಮೆ ತಿರಗಬೇಕು. ರಾತ್ರಿ ಹಗಲು ಬಂದ್ ಮಾಡಬಾರದು. ಕರೆಂಟ್ ಹೋದ್ರ ಗಾಳಿ ಪಂಪು ಇನ್ವರ್ಟರ್ ಮ್ಯಾಲೆ ನಡೀತದ.

ಮಗನ ಗೆಳ್ಯಾರೊಬ್ಬರ ಹಳೇ ಹೊಂಡದಿಂದ ಒಂದು ಡಬ್ಬಿ ಲೋಳಿ ಹಿಡದ ಗಾಲಿ, ಅದ ಹೊಂಡದ ನೀರಿನಾಗ ಮುಳಗಿಸಿಕೊಂಡ ತಂದು, ಮೂರನೇ ಬ್ಯಾರಲಿಗೆ ಹಾಕಿದೆ. ಹೆಪ್ಪು ಹಾಕಿದ್ದು ಅದನ್ನ. ಉಳಿದ ಎರಡು ಮೀನಿಗೆ ಊಟ ಕಡಿಮಿ ಮಾಡಿದೆ. ಎರಡು ದಿವಸಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಎರಡೂ ನೋಡೋದು, ಹೆಚ್ಚಾಗಿದ್ರ ಕ್ಲೋರಿನ್ ತಗದ ನೀರಿನಿಂದ ಐದನೇ ಒಂದು ಪಾಲು ಬದಲಿ ಮಾಡೋದು. ಐದು ವಾರಕ್ಕ ಎರಡೂ ಸೊನ್ನಿಗೆ ಬಂದ್ವು. ಈಗ ಮೊದಲನೇ ಬ್ಯಾರಲಿನ ಗಸಿ ವಾರಕ್ಕೊಮ್ಮೆ ಬಿಡ್ತೀನಿ, ಅದನ್ನ ದಾಸವಾಳದ ಗಿಡಕ್ಕ ಹಾಕ್ತೀನಿ. ಬ್ರಶ್‌ಗಳನ್ನ ಹೊಂಡದ ನೀರು ತುಂಬಿದ ಬಕೀಟಿನಾಗ ಅದ್ದಿ ತಗೀತೀನಿ. ಮೂರನೇದಕ್ಕ ಕೈ ಹಚ್ಚೂದಿಲ್ಲ. ಅದನ್ನ ನೋಡಿದ್ರ ನನ್ನ ಕೈ ತಿಕ್ಕಲಿಕ್ಕೆ ಇನ್ನೂ ತುರಸ್ತಾವ, ಖರೇ.

ಇವರ ಕುರ್ಚಿ ಮತ್ತ ಹೊಂಡದ ದಂಡಿಗೆ ಬಂದದ. ಸಂಜಿಮುಂದ ಮೀನಿನ ಜೋಡಿ ಮಾತಾಡ್ತಾರ, ನನ್ನ ಜೋಡಿಗಿಂತ ಹೆಚ್ಚು! ಮಣ್ಣು ತುಂಬಿಸೋ ಮಾತು ಎತ್ತಿಲ್ಲ. ನಿಮ್ಮನ್ಯಾಗ ಯಾರರೆ ಹೊಂಡ ಮಾಡಿಸೋವರಿದ್ರ ಮೀನು ತರೋಕಿಂತ ಮೊದಲ ಬಂದು ಒಂದು ಡಬ್ಬಿ ಹೆಪ್ಪು ಇಸಗೊಂಡು ಹೋಗ್ರಿ. ಬರೋವಾಗ ಖಾಲಿ ಡಬ್ಬಿ ಸಾಕು, ತೊಳದು ತರಬೇಕಂತ ಏನಿಲ್ಲ.