ಡಗ್ ಹಾರ್ವೆಯ ವೃತ್ತಿಜೀವನ ಮತ್ತು 1957ರ ಆಟಗಾರರ ಸಂಘ

ವೃತ್ತಿನಿರತ ಆಟಗಾರರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆಲುವು ಸೋಲುಗಳ ಪಟ್ಟಿಯಲ್ಲಿಯೇ ನಿಂತುಬಿಡುತ್ತಾರೆ. ಆಟಗಾರನೂ ಸಂಬಳಕ್ಕೆ ದುಡಿಯುವವನು, ಅವನಿಗೂ ಒಡೆಯನುಂಟು, ಕರಾರುಂಟು, ಮುಪ್ಪುಂಟು ಎಂಬ ಸಂಗತಿ ಆ ಪಟ್ಟಿಗಳಲ್ಲಿ ಕಾಣಸಿಗದು. ಕೆನಡಾ ದೇಶದ ಐಸ್ ಹಾಕಿ ಆಟಗಾರನಾದ ಡಗ್ ಹಾರ್ವೆಯ (1924-1989) ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕೀರ್ತಿಯ ಶಿಖರದಲ್ಲಿದ್ದಾಗಲೇ, 1961ರಲ್ಲಿ, ಆತನನ್ನು ಸ್ವಂತ ತಂಡವೇ ಏಕೆ ಹೊರಗೆ ಕಳುಹಿಸಿತು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ನಮ್ಮ ಮೈದಾನದ ಹಾಕಿಯಲ್ಲಿ ಹನ್ನೊಂದು ಮಂದಿ ಆಡಿದರೆ ಮಂಜುಗಡ್ಡೆಯ ಅಂಗಳದಲ್ಲಿ ಪ್ರತಿ ಪಕ್ಷಕ್ಕೂ ಆರೇ ಮಂದಿ: ಗೋಲ್‌ಕೀಪರ್ ಒಬ್ಬ, ರಕ್ಷಕರು ಇಬ್ಬರು, ಫಾರ್ವರ್ಡ್‌ಗಳು ಮೂವರು. ಚೆಂಡಿನ ಸ್ಥಾನದಲ್ಲಿ ಪಕ್ ಎಂಬ ರಬ್ಬರಿನ ಬಿಲ್ಲೆಯಿರುತ್ತದೆ. ಎದುರಾಳಿಯನ್ನು ತಡೆದು ಬಿಲ್ಲೆಯನ್ನು ಮುಂದಕ್ಕೆ ತಳ್ಳಿದರೆ ರಕ್ಷಕನ ಕರ್ತವ್ಯ ಮುಗಿಯಿತೆಂಬುದು ಅಂದಿನ ಸಾಮಾನ್ಯ ಭಾವನೆಯಾಗಿತ್ತು. ಹಾರ್ವೆ ಈ ಭಾವನೆಯನ್ನು ಬದಲಾಯಿಸಿದನು. ಬಿಲ್ಲೆ ತನ್ನ ಕೈಸೇರಿದ ಮೇಲೆ ಆತನು ಅವಸರಪಡುತ್ತಿರಲಿಲ್ಲ. ಆಟದ ವೇಗವನ್ನು ತನಗೆ ಬೇಕಾದಂತೆ ತಗ್ಗಿಸಿ, ಎದುರಾಳಿಗಳನ್ನು ತನ್ನತ್ತ ಸೆಳೆದು, ತೆರವಾದ ಜಾಗದಲ್ಲಿದ್ದ ಜೊತೆಗಾರನಿಗೆ ಅದನ್ನು ತಲುಪಿಸುತ್ತಿದ್ದನು. ನ್ಯಾಷನಲ್ ಹಾಕಿ ಲೀಗಿನ 1113 ಪಂದ್ಯಗಳಲ್ಲಿ ಆತನು ಹೊಡೆದ ಗೋಲುಗಳು 88 ಮಾತ್ರ. ಇತರರ ಗೋಲುಗಳಿಗೆ ನೆರವಾದದ್ದು 452 ಬಾರಿ. ಆತನ ಆಟದ ಗುಣವನ್ನು ಈ ಎರಡು ಅಂಕೆಗಳೇ ಹೇಳುತ್ತವೆ.

ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಹಾರ್ವೆ ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ನೌಕಾದಳದಲ್ಲಿ ಸೇವೆ ಸಲ್ಲಿಸಿ, 1947ರಲ್ಲಿ ಅದೇ ನಗರದ ಕೆನೇಡಿಯನ್ಸ್ ತಂಡವನ್ನು ಸೇರಿದನು. ಆ ತಂಡದೊಡನೆ ಆರು ಬಾರಿ, ಎಂದರೆ 1953ರಲ್ಲಿಯೂ 1956ರಿಂದ 1960ರವರೆಗೆ ಸತತವಾಗಿಯೂ, ಸ್ಟ್ಯಾನ್ಲಿ ಕಪ್ಪನ್ನು ಗೆದ್ದನು. ತಪ್ಪು ಮಾಡಿದ ಆಟಗಾರನು ಎರಡು ನಿಮಿಷ ಹೊರಗೆ ಕುಳಿತಿರುವಾಗ ಎದುರು ಪಕ್ಷವು ಎಷ್ಟು ಗೋಲುಗಳನ್ನಾದರೂ ಹೊಡೆಯಬಹುದೆಂಬ ನಿಯಮ ಆಗ ಇತ್ತು. 1955ರ ನವೆಂಬರಿನಲ್ಲಿ ಈ ತಂಡದ ಜಾನ್ ಬೆಲಿವೊ ಅಂತಹ ಅವಕಾಶದಲ್ಲಿ 44 ಸೆಕೆಂಡುಗಳೊಳಗೆ ಮೂರು ಗೋಲುಗಳನ್ನು ಹೊಡೆದನು. ಮರುವರ್ಷ ಲೀಗು ನಿಯಮವನ್ನೇ ತಿದ್ದಿ, ಒಂದು ಗೋಲಾದೊಡನೆ ಶಿಕ್ಷಿತನು ಮರಳಿ ಬರಬಹುದೆಂದು ವಿಧಿಸಿತು. ಒಂದು ತಂಡದ ಪ್ರಾಬಲ್ಯಕ್ಕಾಗಿ ಶಾಸನವೇ ಬದಲಾಯಿತೆಂದರೆ ಉತ್ಪ್ರೇಕ್ಷೆಯಾಗದು.

ಅತ್ಯುತ್ತಮ ರಕ್ಷಕನಿಗೆ ಸಲ್ಲುವ ನಾರಿಸ್ ಪಾರಿತೋಷಕವನ್ನು ಹಾರ್ವೆ ಏಳು ಬಾರಿ ಪಡೆದನು. ಡೆಟ್ರಾಯಿಟ್ ತಂಡದ ಒಡೆಯನಾಗಿದ್ದ ಜೇಮ್ಸ್ ನಾರಿಸನ ಸ್ಮರಣಾರ್ಥ ಆತನ ಮಕ್ಕಳು ನೀಡಿದ ಪಾರಿತೋಷಕವದು. ಒಡೆಯನ ಹೆಸರಿನ ಈ ಗೌರವವನ್ನು ಅಷ್ಟು ಸಲ ಪಡೆದವನೇ ಒಡೆಯರ ವಿರುದ್ಧ ನಿಂತವರಲ್ಲೊಬ್ಬನಾದುದನ್ನು ಗಮನಿಸಬೇಕು.

ಅಂದು ಲೀಗಿನಲ್ಲಿದ್ದವು ಆರೇ ತಂಡಗಳು. ಒಮ್ಮೆ ಸಹಿ ಹಾಕಿದ ಆಟಗಾರನು ಆ ತಂಡಕ್ಕೆ ಕಟ್ಟುಬಿದ್ದಂತೆಯೇ ಸರಿ. ಒಡೆಯನು ಅವನನ್ನು ಬೇರೊಂದು ತಂಡಕ್ಕೆ ಕೊಡಬಹುದಾಗಿತ್ತು, ಕೆಳದರ್ಜೆಯ ಲೀಗಿಗೆ ಇಳಿಸಬಹುದಾಗಿತ್ತು, ಆದರೆ ಆಟಗಾರನು ತಾನಾಗಿ ಬಿಟ್ಟುಹೋಗುವಂತಿರಲಿಲ್ಲ. 1947ರಲ್ಲಿ ಆರಂಭವಾದ ನಿವೃತ್ತಿವೇತನ ನಿಧಿಗೆ ಪ್ರತಿಯೊಬ್ಬನೂ ವರ್ಷಕ್ಕೆ 900 ಡಾಲರು ತೆರುತ್ತಿದ್ದರೂ ಅದರ ಲೆಕ್ಕವನ್ನು ತೋರಿಸಲು ಒಡೆಯರು ಒಪ್ಪಲಿಲ್ಲ. ಈ ಲೆಕ್ಕದ ಪ್ರಶ್ನೆಯಿಂದಲೇ ಆಟಗಾರರ ಸಂಘ ಹುಟ್ಟಿತು. 1957ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅದರ ಸ್ಥಾಪನೆ ಪ್ರಕಟವಾಯಿತು. ಡೆಟ್ರಾಯಿಟಿನ ಟೆಡ್ ಲಿಂಡ್ಸೆ ಅಧ್ಯಕ್ಷ, ಹಾರ್ವೆ ಉಪಾಧ್ಯಕ್ಷ. ಮುಂದಾಳುಗಳಾಗಿ ನಿಂತ ಆರು ಮಂದಿಯಲ್ಲಿ ಲಿಂಡ್ಸೆಯೊಬ್ಬನ ಹೊರತು ಉಳಿದ ಐವರೂ, ಎಂದರೆ ಹಾರ್ವೆ, ಗ್ಯಾಡ್ಸ್‌ಬಿ, ಫ್ಲಾಮನ್, ಮಾರ್ಟ್‌ಸನ್, ಥಾಮ್ಸನ್, ರಕ್ಷಕರೇ ಆಗಿದ್ದರು. ಹಿಂದೆ ನಿಂತು ಇಡೀ ಅಂಗಳವನ್ನು ನೋಡುವವರಿಗೆ ಇಂತಹ ವಿಷಯವೂ ಬೇಗ ಕಾಣುತ್ತದೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಆರು ಮಂದಿಯ ಆಧಾರದ ಮೇಲೆ ಅಂತಹ ಸಿದ್ಧಾಂತವನ್ನು ಕಟ್ಟುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಒಡೆಯರ ಪ್ರತೀಕಾರ ತಡವಾಗಲಿಲ್ಲ. ತನ್ನ ಜೀವನದಲ್ಲೇ ಅತ್ಯಂತ ಫಲಪ್ರದವಾದ ಋತುವನ್ನು ಆಗತಾನೆ ಮುಗಿಸಿದ್ದ ಲಿಂಡ್ಸೆಯನ್ನು 1957ರ ಜುಲೈನಲ್ಲಿ ಶಿಕಾಗೊ ತಂಡಕ್ಕೆ ಸಾಗಹಾಕಲಾಯಿತು. ಆ ತಂಡವೂ ನಾರಿಸ್ ಮನೆತನದ ಹಿಡಿತದಲ್ಲಿಯೇ ಇದ್ದಿತು. ಟೊರಾಂಟೊದ ಥಾಮ್ಸನ್ನನಿಗೂ ಅದೇ ಗತಿಯಾಯಿತು. ನವೆಂಬರಿನಲ್ಲಿ ಡೆಟ್ರಾಯಿಟ್ ಆಟಗಾರರು ಸಂಘವನ್ನು ಬಿಟ್ಟರು. 1958ರ ಫೆಬ್ರವರಿಯ ವೇಳೆಗೆ ವ್ಯಾಜ್ಯ ನ್ಯಾಯಾಲಯದ ಹೊರಗೆ ರಾಜಿಯಾಗಿ, 7000 ಡಾಲರಿನ ಕನಿಷ್ಠ ವೇತನವೇ ಮೊದಲಾದ ಕೆಲವು ಸೌಲಭ್ಯಗಳು ದೊರೆತವು. ಸಂಘ ಮಾತ್ರ ಉಳಿಯಲಿಲ್ಲ.

ಆದರೆ ಹಾರ್ವೆಯನ್ನು ನಾಲ್ಕು ವರ್ಷ ಯಾರೂ ಮುಟ್ಟಲಿಲ್ಲ. 1960ರಲ್ಲಿ ಮೋರಿಸ್ ರಿಷಾರ್ ನಿವೃತ್ತನಾದಾಗ ಆತನೇ ನಾಯಕನೂ ಆದನು. 1961ರಲ್ಲಿ ಆರನೆಯ ಬಾರಿ ಪಾರಿತೋಷಕ ಗೆದ್ದ ಬೇಸಗೆಯಲ್ಲಿಯೇ ತಂಡದ ವ್ಯವಸ್ಥಾಪಕ ಫ್ರಾಂಕ್ ಸೆಲ್ಕಿ ಆತನನ್ನು ನ್ಯೂಯಾರ್ಕಿಗೆ ಕೊಟ್ಟು ಲೂ ಫಾಂಟಿನಾಟೊನನ್ನು ಪಡೆದನು. ಸಂಘದ ಸೇಡೆಂದು ಇದನ್ನು ವಿವರಿಸುವವರು ಹಲವರು. ಈ ನಾಲ್ಕು ವರ್ಷಗಳ ಅಂತರವನ್ನು ಆ ವಿವರಣೆ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನಮಗೆ ತೋರುತ್ತದೆ. ಹಾರ್ವೆಗೆ ಆಗ ಮೂವತ್ತಾರು ವಯಸ್ಸು. ಆ ವಸಂತದಲ್ಲಿ ತಂಡವು ಕಪ್ಪನ್ನು ಉಳಿಸಿಕೊಂಡಿರಲಿಲ್ಲ. ಆತನ ಸಾಮರ್ಥ್ಯವೇ ಅಷ್ಟು ಕಾಲ ಆತನಿಗೆ ರಕ್ಷೆಯಾಗಿದ್ದು, ಗೆಲುವು ತಪ್ಪಿದೊಡನೆ ಆ ರಕ್ಷೆ ಕಳಚಿತೆಂಬುದು ಹೆಚ್ಚು ಸಂಭವನೀಯ. ಹಳೆಯ ಅಸಮಾಧಾನ ಆ ನಿರ್ಧಾರವನ್ನು ಸುಲಭಗೊಳಿಸಿರಬಹುದು. ಸೆಲ್ಕಿ ಸ್ವತಃ ತಾರುಣ್ಯದಲ್ಲಿ ವಿದ್ಯುತ್ ಕೆಲಸಗಾರರ ಸಂಘದಲ್ಲಿ ದುಡಿದವನು; 1931ರಲ್ಲಿ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡಕ್ಕಾಗಿ ಕಾರ್ಮಿಕರು ಕೂಲಿಯ ಒಂದು ಭಾಗವನ್ನು ಷೇರುಗಳ ರೂಪದಲ್ಲಿ ಪಡೆಯುವಂತೆ ಒಪ್ಪಿಸಿದವನು. ಸಂಘದ ಶಕ್ತಿಯೇನೆಂಬುದು ಇತರ ಒಡೆಯರಿಗಿಂತ ಆತನಿಗೆ ಚೆನ್ನಾಗಿ ತಿಳಿದಿದ್ದಿರಬೇಕು.

ಆಟಗಾರನೂ ತರಬೇತುದಾರನೂ ಆಗಿ ನ್ಯೂಯಾರ್ಕಿಗೆ ಹೋದ ಹಾರ್ವೆ, 1962ರಲ್ಲಿ ಏಳನೆಯ ಬಾರಿ ಪಾರಿತೋಷಕವನ್ನು ಗೆದ್ದು, ಆ ತಂಡವನ್ನು ನಾಲ್ಕು ವರ್ಷಗಳ ಮೇಲೆ ಅಂತಿಮ ಸುತ್ತುಗಳಿಗೆ ಒಯ್ದನು. ಮುದಿಯಾದನೆಂಬ ವಾದಕ್ಕೆ ಇದೇ ಉತ್ತರ. ಅಲ್ಲಿಂದ ಮುಂದಿನದು ಇಳಿತದ ಕಥೆ: ಸಣ್ಣ ಲೀಗುಗಳು, ಕುಡಿತ, 1968ರಲ್ಲಿ ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ಸೇಂಟ್ ಲೂಯಿಸ್ ತಂಡದ ಪರವಾಗಿ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸುತ್ತಿನಲ್ಲಿ ಹಳೆಯ ತಂಡವನ್ನೇ ಎದುರಿಸಿ ಸೋಲು. 1973ರಲ್ಲಿ ಕೀರ್ತಿಭವನಕ್ಕೆ ಆಯ್ಕೆಯಾದಾಗ ಆತನು ಸಮಾರಂಭಕ್ಕೆ ಹೋಗಲಿಲ್ಲ. ಆತನು ತೊಟ್ಟ 2ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡಕೂಡದೆಂದು ಮಾಂಟ್ರಿಯಲ್ ತಂಡವು ನಿರ್ಧರಿಸಿದ್ದು 1985ರಷ್ಟು ತಡವಾಗಿ.

ಆಟಗಾರರ ಸಂಘವು 1967ರಲ್ಲಿ ಮತ್ತೆ ಸ್ಥಾಪನೆಯಾಗಿ ಸ್ಥಿರವಾಯಿತು. ನಿವೃತ್ತಿವೇತನದ ಲೆಕ್ಕ ಮಾತ್ರ ಹಾಗೆಯೇ ಉಳಿದಿತ್ತು. ಕಡೆಗೆ ಕಾರ್ಲ್ ಬ್ರೂಅರ್ ಎಂಬ ಮತ್ತೊಬ್ಬ ರಕ್ಷಕನೂ ಇತರ ನಿವೃತ್ತ ಆಟಗಾರರೂ ದಾವೆ ಹೂಡಿದರು. ನಿಧಿಯಲ್ಲಿ ಮಿಕ್ಕಿದ ಹಣವು ಆಟಗಾರರಿಗೆ ಸೇರತಕ್ಕದ್ದೆಂದು ಆಂಟೇರಿಯೊ ಪ್ರಾಂತದ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು. ಹಾರ್ವೆ 1989ರ ಡಿಸೆಂಬರಿನಲ್ಲಿಯೇ ಮಾಂಟ್ರಿಯಲ್‌ನಲ್ಲಿ ತೀರಿಕೊಂಡಿದ್ದನು.